ಕ್ಯೂ, ಎಕ್ಸ್, ಝಡ್ ಮೂರೂ ಇರೋ ಉದ್ದ ಪದ ಬೇಕು: ಒಂದು ಟೂಲ್ ಕಟ್ಟಿದ ಲಾಗ್

ಬೇಕಾಗಿದ್ದು ಇಷ್ಟೇ. ನಾನು ಮೂರೋ ನಾಲ್ಕೋ ಅಕ್ಷರ ಟೈಪ್ ಮಾಡ್ತೀನಿ, ಅವೆಲ್ಲಾ ಒಳಗಿರೋ ಇಂಗ್ಲಿಷ್ ಪದಗಳು ಉದ್ದದ ಪ್ರಕಾರ ಬರಬೇಕು, ದೊಡ್ಡದು ಮೇಲೆ. ಸ್ಕ್ರ್ಯಾಬಲ್‌ಗೆ ಅಂತ ಮಾಡಿರೋ ಪಟ್ಟಿಗಳು 15 ಅಕ್ಷರಕ್ಕೆ ನಿಂತುಬಿಡ್ತವೆ, ಯಾಕಂದ್ರೆ ಬೋರ್ಡೇ 15 ಮನೆ ಅಗಲ, ಅದಕ್ಕಿಂತ ಉದ್ದದ ಪದ ಅಲ್ಲಿ ಇಡೋಕೇ ಆಗಲ್ಲ. ನನಗೆ ಬೇಕಿದ್ದಿದ್ದು ಅದರಾಚೆಯದ್ದೂ.

ಸಾಮಾನು: ಹಳೇ ಲ್ಯಾಪ್‌ಟಾಪು, ಟರ್ಮಿನಲ್, ಪೈಥಾನ್, ಆಮೇಲೆ ಫೋನಲ್ಲೂ ತೆರೆಯೋಕಾಗೋ ಹಾಗೆ ಜಾವಾಸ್ಕ್ರಿಪ್ಟ್ ಇರೋ ಒಂದೇ ಒಂದು ಪೇಜು. ಖರ್ಚು ಸೊನ್ನೆ, ಪದಪಟ್ಟಿ ಎಲ್ಲಾ ಪುಕ್ಕಟೆ ಸಿಕ್ಕಿದ್ದು. ಹೋಗಿದ್ದು ಟೈಮು ಮತ್ತೆ ನಿದ್ದೆ.

ಶುರು ಮಾಡೋ ಮುಂಚೆ ಒಂದು ವಿಷಯ. "ಈ ಅಕ್ಷರಗಳಿರೋ ಪದ" ಅಂದ್ರೆ ಮೂರು ಬೇರೆ ಬೇರೆ ಪ್ರಶ್ನೆ. ಕೊಟ್ಟ ಅಕ್ಷರ ಎಲ್ಲಾ ಇರಬೇಕು, ಬೇರೆಯದೂ ಇರಬಹುದು ಅನ್ನೋದು ಒಂದು. ಕೊಟ್ಟ ಅಕ್ಷರ ಬಿಟ್ಟು ಬೇರೆ ಇರಬಾರದು ಅನ್ನೋದು ಇನ್ನೊಂದು. ಕೊಟ್ಟಿದ್ದು ಅಷ್ಟೂ ಅಷ್ಟೇ ಸಲ ಬರಬೇಕು, ಅಂದ್ರೆ ಅನಾಗ್ರಾಮ್, ಅದು ಮೂರನೇದು. ನಾನು ಮೊದಲನೇದನ್ನ ಕಟ್ಟೋಕೆ ಹೊರಟಿದ್ದು, ಎರಡನೇದು ಸುಮ್ನೆ ಜೊತೆಗೆ ಸಿಕ್ತು, ಮೂರನೇದನ್ನ ಮುಟ್ಟೇ ಇಲ್ಲ.

ಹಂತ 1: ಟರ್ಮಿನಲ್‌ನಲ್ಲಿ ಗ್ರೆಪ್

ಯುನಿಕ್ಸ್ ಜಾತಿಯ ಸಿಸ್ಟಮ್‌ಗಳಲ್ಲಿ ಡಿಕ್ಷನರಿ ಫೋಲ್ಡರ್ ಒಳಗೆ ವರ್ಡ್ಸ್ ಅಂತ ಒಂದು ಫೈಲ್ ಇರುತ್ತೆ, ಸಾಲಿಗೊಂದು ಪದ. ಇಲ್ದಿದ್ರೆ ಪ್ಯಾಕೇಜ್ ಹಾಕ್ಕೊಂಡ್ರೆ ಬರುತ್ತೆ. ಅದರ ಮೇಲೆ ಗ್ರೆಪ್ (ಕೊಟ್ಟ ಅಕ್ಷರ ಇರೋ ಸಾಲುಗಳನ್ನ ಹುಡುಕಿ ಕೊಡೋ ಕಮಾಂಡು) ಓಡಿಸಿದೆ, ಚೌಕ ಬ್ರಾಕೆಟ್ ಒಳಗೆ ಕ್ಯೂ ಎಕ್ಸ್ ಝಡ್ ಹಾಕಿ. ಸಾವಿರಗಟ್ಟಲೆ ಪದ ಬಂತು. ಚೌಕ ಬ್ರಾಕೆಟ್ ಅಂದ್ರೆ "ಇವುಗಳಲ್ಲಿ ಯಾವುದಾದ್ರೂ ಒಂದು" ಅಂತ, "ಎಲ್ಲಾ" ಅಂತ ಅಲ್ಲ, ಗೊತ್ತಿದ್ದೂ ಕೈ ಅಲ್ಲೇ ಹೋಗುತ್ತೆ. ಸರಿಯಾದ ದಾರಿ ಪೈಪು: ಕ್ಯೂಗೆ ಒಂದು ಗ್ರೆಪ್, ಅದರ ಔಟ್‌ಪುಟ್ ಎಕ್ಸ್‌ನ ಗ್ರೆಪ್‌ಗೆ, ಅದರದ್ದು ಝಡ್‌ನ ಗ್ರೆಪ್‌ಗೆ. ನೋಡೋಕೆ ಚೆನ್ನಾಗಿಲ್ಲ, ಕೆಲಸ ಮಾಡುತ್ತೆ. ರೆಜೆಕ್ಸ್‌ನಲ್ಲಿ (ಅಕ್ಷರಗಳ ನಮೂನೆ ಬರೆದು ಹುಡುಕೋ ಪದ್ಧತಿ) ಲುಕ್‌ಅಹೆಡ್ ಅಂತ ಇದೆ, ಮುಂದೆ ಈ ಅಕ್ಷರ ಇದೆಯಾ ಅಂತ ಇಣುಕಿ ನೋಡೋದು, ಒಂದೇ ಸಾಲಲ್ಲಿ ಮುಗಿಯುತ್ತೆ, ಆದ್ರೆ ಅದಕ್ಕೆ ಪರ್ಲ್ ಮೋಡ್ ಇರೋ ಗ್ರೆಪ್ ಬೇಕು, ಮ್ಯಾಕ್ ಜೊತೆ ಬರೋ ಗ್ರೆಪ್‌ನಲ್ಲಿ ಅದು ಇಲ್ಲ.

ಆಮೇಲೆ ಉದ್ದ. ಆಕ್ (ಸಾಲು ಸಾಲಾಗಿ ಓದಿ ಲೆಕ್ಕ ಹಾಕೋದು) ಅನ್ನೋ ಕಮಾಂಡಿಂದ ಪ್ರತಿ ಪದದ ಮುಂದೆ ಅದರ ಉದ್ದ ಬರೆಸಿ ಸಾರ್ಟ್‌ಗೆ ಕೊಟ್ಟೆ, 9 ಅಕ್ಷರದ್ದು ಎಲ್ಲಕ್ಕಿಂತ ಮೇಲೆ ಬಂದು ಕೂತಿತ್ತು, 20ರದ್ದು ಎಲ್ಲೋ ಕೆಳಗೆ. ನ್ಯೂಮರಿಕ್ ಫ್ಲ್ಯಾಗ್ ಹಾಕದಿದ್ರೆ ಸಾರ್ಟ್ ಅಂಕಿಗಳನ್ನೂ ಅಕ್ಷರ ಅಂತಲೇ ನೋಡುತ್ತೆ, 9 ದೊಡ್ಡದು 2 ಚಿಕ್ಕದು. ಅದನ್ನ ಸರಿ ಮಾಡಿದ ಮೇಲೆ ಇನ್ನೊಂದು ವಿಚಿತ್ರ, ಡೆಬಿಯನ್ (ಒಂದು ಬಗೆಯ ಲಿನಕ್ಸ್) ಪಟ್ಟಿಯ ಎಪೇ ಅನ್ನೋ ಪದ, ಆ ಕತ್ತಿವರಸೆಯ ಕತ್ತಿ, ಎರಡು ಇ ಮೇಲೂ ಫ್ರೆಂಚ್ ಗೀಟು ಇರೋದು, ನಾಲ್ಕೇ ಅಕ್ಷರ, ಆದ್ರೆ ಉದ್ದ 6 ಅಂತ ತೋರಿಸ್ತಿತ್ತು. ಅಲ್ಲಿ ಡೀಫಾಲ್ಟ್ ಆಗಿರೋ ಎಂಆಕ್, ಅಂದ್ರೆ ಆಕ್‌ನ ಒಂದು ಆವೃತ್ತಿ, ಬೈಟ್ ಎಣಿಸುತ್ತೆ, ಅಕ್ಷರ ಅಲ್ಲ, ಅಕ್ಷರಗಳನ್ನ ಬೈಟಾಗಿ ಬರೆದಿಡೋ ಯುಟಿಎಫ್-8 ಪದ್ಧತಿಯಲ್ಲಿ ಗೀಟು ಇರೋ ಒಂದೊಂದು ಇಗೂ ಎರಡೆರಡು ಬೈಟು. ಇನ್ನೊಂದು ಆವೃತ್ತಿ ಜಿಆಕ್ ಹಾಕ್ಕೊಂಡ್ರೆ ಸರಿಹೋಗುತ್ತೆ.

ಹಂತ 2: ಪಟ್ಟಿ ಬದಲಾದ್ರೆ ಉತ್ತರಾನೇ ಬದಲಾಗುತ್ತೆ

ಇಲ್ಲಿ ನಾನು ಅಂದ್ಕೊಂಡಿದ್ದಕ್ಕಿಂತ ಜಾಸ್ತಿ ಹೊತ್ತು ಹೋಯ್ತು, ಹೋಗಬೇಕಾದ್ದೇ. ಹುಡುಕೋ ಕೋಡು ಹತ್ತು ಸಾಲು, ಉತ್ತರ ಏನು ಬರುತ್ತೆ ಅನ್ನೋದನ್ನ ಪಟ್ಟಿ ತೀರ್ಮಾನ ಮಾಡುತ್ತೆ.

ಮ್ಯಾಕ್‌ನಲ್ಲಿರೋದು 1934ರ ವೆಬ್‌ಸ್ಟರ್ಸ್ ಎರಡನೇ ಆವೃತ್ತಿಯಿಂದ ಬಂದ ಪಟ್ಟಿ, ಸುಮಾರು 2,35,000 ಪದ. ದೊಡ್ಡದು ಅಂತ ಖುಷಿಪಟ್ಟೆ, ಆದ್ರೆ ಅದರಲ್ಲಿ ಮಾಮೂಲಿ ಬಹುವಚನ ಇಲ್ಲ. ಕಂಪ್ಯೂಟರ್ ಇದೆ, ಕಂಪ್ಯೂಟರ್ಸ್ ಇಲ್ಲ (1934ರಲ್ಲಿ ಕಂಪ್ಯೂಟರ್ ಅಂದ್ರೆ ಏನು ಅನ್ನೋದು ಬೇರೆ ವಿಷಯ). ಇದರಲ್ಲಿ ಅತಿ ಉದ್ದದ್ದು 24 ಅಕ್ಷರ, ಅಂಥವು ಐದು: ಫಾರ್ಮಾಲ್ಡಿಹೈಡ್‌ಸಲ್ಫಾಕ್ಸಿಲೇಟ್, ಪ್ಯಾಥಲಾಜಿಕೊಸೈಕಲಾಜಿಕಲ್, ಸೈಂಟಿಫಿಕೊಫಿಲಸಾಫಿಕಲ್, ಟೆಟ್ರಾಅಯೊಡೊಫಿನಾಲ್‌ಥ್ಯಾಲೀನ್, ಥೈರೊಪ್ಯಾರಾಥೈರಾಯ್ಡೆಕ್ಟಮೈಝ್. ಮಜಾ ಏನಂದ್ರೆ ಈ ಐದರಲ್ಲಿ ಒಂದಕ್ಕೂ ಎ, ಇ, ಐ, ಓ, ಯು ಐದೂ ಇಲ್ಲ. ಮೊದಲನೇದಕ್ಕೆ ಐ ಇಲ್ಲ, ಮಿಕ್ಕ ನಾಲ್ಕಕ್ಕೂ ಯು ಇಲ್ಲ. ಉದ್ದ ಇದ್ದ ಮಾತ್ರಕ್ಕೆ ಎಲ್ಲಾ ಸ್ವರ ಬಂದುಬಿಡುತ್ತೆ ಅಂತೇನಿಲ್ಲ.

ಡೆಬಿಯನ್ ಕಡೆಯ ಮಾಮೂಲಿ ಅಮೆರಿಕನ್ ಪಟ್ಟಿ ಒಂದು ಲಕ್ಷದ ಆಸುಪಾಸು, ಆದ್ರೆ ಅದರಲ್ಲಿ ಅಪಾಸ್ಟ್ರಫಿ ಎಸ್ ಹಚ್ಚಿದ ರೂಪಗಳು ರಾಶಿ ಇವೆ. ಮೂರನೇದು ಎನೇಬಲ್, ಪದದಾಟದವರಿಗೆ ಅಂತಲೇ ಮಾಡಿ ಎಲ್ಲರಿಗೂ ಬಿಟ್ಟುಕೊಟ್ಟಿರೋದು, 1,72,000 ಚಿಲ್ಲರೆ ಪದ, ಎಲ್ಲಾ ಸಣ್ಣಕ್ಷರ, ಅಪಾಸ್ಟ್ರಫಿ ಇಲ್ಲ, ಬಹುವಚನ ಇದೆ, 15ಕ್ಕೆ ನಿಲ್ಲಲ್ಲ. ಇದರ ಅತಿ ಉದ್ದದ ಪದ ಎಥಿಲೀನ್‌ಡೈಅಮೀನ್‌ಟೆಟ್ರಾಅಸಿಟೇಟ್ಸ್, 28 ಅಕ್ಷರ. ಇನ್ನೂ ದೊಡ್ಡ ಪಟ್ಟಿಗಳು ಸಿಗುತ್ತೆ, ಮೂರು ಲಕ್ಷ ದಾಟಿದವು, ತೆರೆದು ನೋಡಿದ್ರೆ ಅರ್ಧಂಬರ್ಧ ಪದ, ಸಂಕ್ಷೇಪ, ಊರ ಹೆಸರು ಎಲ್ಲಾ ಸೇರ್ಕೊಂಡಿದೆ. ಅವನ್ನ ಕೈಬಿಟ್ಟೆ.

ಎನೇಬಲ್ ಮುಖ್ಯ, 1934ರದ್ದು ಬೇಕಾದಾಗ ಸೇರಿಸ್ಕೊಳ್ಳೋ ಹಾಗೆ ಅಂತ ನಿರ್ಧಾರ ಆಯ್ತು. ಕ್ಯೂ ಎಕ್ಸ್ ಝಡ್‌ಗೆ 1934ರ ಪಟ್ಟಿಯಿಂದ ಸಿಕ್ಕಿದ್ದು ಬೆಂಝೊಫ್ಯುರೊಕ್ವಿನಾಕ್ಸಲೀನ್, 20 ಅಕ್ಷರ. ಕೆಮಿಸ್ಟ್ರಿಯವರಿಗೆ ನಮಸ್ಕಾರ.

ಹಂತ 3: ಪೈಥಾನ್, ಬಿಟ್‌ಮಾಸ್ಕ್

ಗ್ರೆಪ್ ಪೈಪ್ ಪ್ರತಿ ಸಲ ಟೈಪ್ ಮಾಡೋಕೆ ಬೇಜಾರಾಗಿ ಪೈಥಾನ್‌ಗೆ ಬಂದೆ. ಇಂಗ್ಲಿಷ್‌ಗೆ 26 ಅಕ್ಷರ, ಒಂದು ಪೂರ್ಣಾಂಕದಲ್ಲಿ 26 ಬಿಟ್ಟು (ಆನ್ ಅಥವಾ ಆಫ್ ಅನ್ನೋ ಸ್ವಿಚ್ಚುಗಳು) ಆರಾಮಾಗಿ ಹಿಡಿಸುತ್ತೆ. ಎಗೆ ಸೊನ್ನೆಯ ಬಿಟ್ಟು, ಬಿಗೆ ಒಂದನೇದು, ಹೀಗೆ ಝಡ್‌ಗೆ 25. ಪದದಲ್ಲಿ ಅಕ್ಷರ ಇದ್ರೆ ಆ ಬಿಟ್ ಆನ್. ಹೀಗೆ ಬರೋ ಅಂಕಿಯೇ ಆ ಪದದ ಮಾಸ್ಕ್. ಇಡೀ ಪಟ್ಟಿಗೆ ಒಂದು ಸಲ ಈ ಅಂಕಿ ಲೆಕ್ಕ ಹಾಕಿಟ್ಟುಕೊಂಡ್ರೆ ಆಮೇಲೆ ಹುಡುಕೋದು ಅಂದ್ರೆ ಬರೀ & ಮಾಡಿ (ಎರಡರಲ್ಲೂ ಆನ್ ಇರೋ ಬಿಟ್ ಮಾತ್ರ ಉಳಿಸಿ) ಹೋಲಿಸೋದು: ಪದ & ಬೇಕಾದ್ದು == ಬೇಕಾದ್ದು. ಬೇರೆ ಅಕ್ಷರ ಇರಬಾರದು ಅನ್ನೋ ಎರಡನೇ ಪ್ರಶ್ನೆಗೆ ಪದ & ~ಬೇಕಾದ್ದು ಸೊನ್ನೆ ಆದ್ರೆ ಆಯ್ತು (~ ಅಂದ್ರೆ ಆನ್ ಆಫ್ ಅದಲು ಬದಲು).

ಎರಡನೇದನ್ನ ಟೆಸ್ಟ್ ಮಾಡೋಕೆ ಕೀಬೋರ್ಡಿನ ಮೇಲಿನ ಸಾಲಿನ ಹತ್ತು ಅಕ್ಷರ ಕೊಟ್ಟೆ. ಟೈಪ್‌ರೈಟರ್, ಪ್ರೊಪ್ರೈಟರ್, ಪರ್ಪೆಚುಯಿಟಿ, ರೆಪರ್ಟ್ವಾರ್, ಎಲ್ಲಾ ಹತ್ತತ್ತು ಅಕ್ಷರ. 1934ರ ಪಟ್ಟಿ ಸೇರಿಸಿದ್ರೆ 11ರದ್ದೂ ಬರುತ್ತೆ, ಪ್ರೊಟೆರೊಟೈಪ್, ರಪ್ಚರ್‌ವರ್ಟ್. ಇವು ಪದಪ್ರಿಯರಿಗೆ ಮೊದಲೇ ಗೊತ್ತಿರೋ ಉತ್ತರಗಳು, ಅದಕ್ಕೇ ಟೆಸ್ಟ್‌ಗೆ ಒಳ್ಳೇದು. ಪೈಥಾನ್ ಆವೃತ್ತಿ ಇಲ್ಲಿಗೆ ಮುಗೀತು, ಒಂದು ತೊಂದರೆ ಬರ್ಲಿಲ್ಲ. ಬರ್ಬೇಕಿತ್ತು, ಮುಂದೆ ಹೇಳ್ತೀನಿ.

ಹಂತ 4: ಬ್ರೌಸರಿಗೆ ತಂದಾಗ

ಫೋನಲ್ಲಿ ಬೇಕು ಅಂತ ಅದೇ ಕೋಡನ್ನ ಸಾಲು ಸಾಲಾಗಿ ಜಾವಾಸ್ಕ್ರಿಪ್ಟ್‌ಗೆ ಬರೆದೆ. ಪಟ್ಟಿಯ ಫೈಲ್ ಎರಡು ಎಂಬಿ ಒಳಗೆ, ಮಾಸ್ಕ್‌ಗಳಿಗೆ 32 ಬಿಟ್ಟಿನ ಅರೇ, ಪದಕ್ಕೆ 4 ಬೈಟಿನಂತೆ ಏಳುನೂರು ಕೆಬಿ ಒಳಗೆ, ಏನೂ ಭಾರ ಇಲ್ಲ. ಮೊದಲ ಟೆಸ್ಟು ಐದು ಸ್ವರ. ಫೆಸೀಶಸ್, ಎಜುಕೇಶನ್, ಸೆಕ್ವೋಯಾ ಎಲ್ಲಾ ಪಟ್ಟಿಯಲ್ಲಿದಾವಾ ಅಂತ ಹುಡುಕಿದೆ, ಇದ್ದವು. ಪಾಸ್ ಅಂತ ಮುಂದೆ ಹೋದೆ.

ಜೆ ಮತ್ತು ಕ್ಯೂ ಕೊಟ್ಟೆ. ಮೇಲ್ಗಡೆ ಎಥಿಲೀನ್‌ಡೈಅಮೀನ್‌ಟೆಟ್ರಾಅಸಿಟೇಟ್ಸ್. ಅದರಲ್ಲಿ ಜೆ ಎಲ್ಲಿದೆ, ಕ್ಯೂ ಎಲ್ಲಿದೆ? ಯಾವ ಅಕ್ಷರ ಕೊಟ್ಟರೂ ಅದೇ ಪಟ್ಟಿ ಬರ್ತಿತ್ತು. ಬ್ರೌಸರ್ ಕ್ಯಾಶ್ ಇರಬೇಕು ಅಂತ ಕ್ಯಾಶ್ ಕ್ಲಿಯರ್ ಮಾಡಿ, ಇನ್‌ಪುಟ್ ಬಾಕ್ಸಿಂದ ಅಕ್ಷರ ಬರ್ತಾನೇ ಇಲ್ವೇನೋ ಅಂತ ಪ್ರಿಂಟ್ ಹಾಕಿ, ಸುಮಾರು ಹೊತ್ತು ಬೇರೆಲ್ಲಾ ಕಡೆ ಕೆದಕಿದೆ. ಆಮೇಲೆ ಬಂದಿರೋ ಪದಗಳನ್ನ ಕಣ್ಣು ಬಿಟ್ಟು ನೋಡಿದ್ರೆ, ಎಲ್ಲದರಲ್ಲೂ ಎ ಇದೆ. ಎ ಇಲ್ಲದ ಒಂದೇ ಒಂದು ಪದ ಇಲ್ಲ.

ಕಾರಣ ಇಷ್ಟು. ಪೈಥಾನ್‌ನಲ್ಲಿ & ಮೊದಲು, == ಆಮೇಲೆ. ಜಾವಾಸ್ಕ್ರಿಪ್ಟ್‌ನಲ್ಲಿ ಉಲ್ಟಾ, === ಮೊದಲು. ಹಾಗಾಗಿ "ಬೇಕಾದ್ದು === ಬೇಕಾದ್ದು" ಅನ್ನೋದು ಮೊದಲು ಲೆಕ್ಕ ಆಗಿ ಯಾವಾಗ್ಲೂ ನಿಜ, ನಿಜ ಅಂದ್ರೆ 1, ಪದ & 1 ಅಂದ್ರೆ ಸೊನ್ನೆಯ ಬಿಟ್ಟು, ಸೊನ್ನೆಯ ಬಿಟ್ಟು ಅಂದ್ರೆ ಎ. ಟೂಲು ಬಹಳ ನಿಷ್ಠೆಯಿಂದ ಎ ಇರೋ ಪದಗಳನ್ನ ಹುಡುಕಿ ಕೊಡ್ತಿತ್ತು. ಐದು ಸ್ವರದ ಟೆಸ್ಟ್ ಪಾಸಾಗಿದ್ದೂ ಅದಕ್ಕೇ, ಅಲ್ಲಿ ಎ ಇರ್ಲೇಬೇಕಲ್ಲ. ಒಂದು ಜೊತೆ ಆವರಣ ಹಾಕಿದೆ, ಸರಿಹೋಯ್ತು. ಇದರಿಂದ ಟೆಸ್ಟ್ ಬರೆಯೋ ರೀತಿ ಬದಲಾಯಿಸಿದೆ: ಬರಬೇಕಾದ ಪದ ಬಂತಾ ಅಂತ ಮಾತ್ರ ಅಲ್ಲ, ಬರಬಾರದ್ದು ಬಂತಾ ಅಂತಲೂ ನೋಡಬೇಕು.

ಆ ಹೊಸ ಟೆಸ್ಟೇ ಮುಂದಿನದನ್ನ ಹಿಡೀತು. ಜೆ, ಕ್ಯೂ, ಎಂ ಕೊಟ್ರೆ ಜಾಂಕ್ವಿಲ್ ಬಂತು, ಆ ಹಳದಿ ಹೂವು. ಜೆ ಇದೆ, ಕ್ಯೂ ಇದೆ, ಎಂ ಇಲ್ಲ. ಉದ್ದ ಬೇರೆ 8 ಅಂತ ತೋರಿಸ್ತಿದೆ, ಇರೋದು 7 ಅಕ್ಷರ. ಉದ್ದ ನೋಡಿದ ತಕ್ಷಣ ಹೊಳೀತು, ಸಾಲಿನ ಕೊನೆಯಲ್ಲಿ ಕಾಣದ್ದು ಏನೋ ಅಂಟಿಕೊಂಡಿದೆ. ನಾನು ಇಳಿಸಿದ ಎನೇಬಲ್ ಪ್ರತಿಯಲ್ಲಿ ವಿಂಡೋಸ್ ಶೈಲಿಯ ಸಾಲಿನ ಕೊನೆ, ಅಂದ್ರೆ ಸಾಲು ಮುಗಿಸೋ ನ್ಯೂಲೈನ್ ಚಿಹ್ನೆಗೆ ಮುಂಚೆ ಕ್ಯಾರಿಯೇಜ್ ರಿಟರ್ನ್ ಅನ್ನೋ ಇನ್ನೊಂದು ಕಾಣದ ಚಿಹ್ನೆ. ಪೈಥಾನ್ ಫೈಲ್ ಓದೋವಾಗ ಅದನ್ನ ತಾನೇ ನುಂಗಿಕೊಳ್ಳುತ್ತೆ, ಜಾವಾಸ್ಕ್ರಿಪ್ಟ್‌ನಲ್ಲಿ ನಾನು ನ್ಯೂಲೈನಿಗೆ ಮಾತ್ರ ಕತ್ತರಿಸಿದ್ದೆ.

ಉದ್ದ ಒಂದು ಜಾಸ್ತಿ ಆಗಿದ್ದು ಅರ್ಥ ಆಯ್ತು, ಎಂ ಎಲ್ಲಿಂದ ಬಂತು? ಪೇಪರ್ ಪೆನ್ನು ತಗೊಂಡು ಕೂತೆ. ಪ್ರತಿ ಅಕ್ಷರಕ್ಕೂ ಕಂಪ್ಯೂಟರ್ ಒಳಗೆ ಒಂದು ಅಂಕಿ ಇರುತ್ತೆ, ಅದೇ ಕೋಡ್, ಸಣ್ಣಕ್ಷರ ಎಗೆ 97. ಕ್ಯಾರಿಯೇಜ್ ರಿಟರ್ನ್ ಕೋಡ್ 13. ನನ್ನ ಕೋಡು 13ರಿಂದ 97 ಕಳೆದು ‑84 ಬಿಟ್ಟಿಗೆ ಶಿಫ್ಟ್ ಮಾಡೋಕೆ, ಅಂದ್ರೆ 1ನ್ನ ಅಷ್ಟು ಜಾಗ ಸರಿಸೋಕೆ ಹೋಗಿದೆ. ಪೈಥಾನ್ ಆಗಿದ್ರೆ ನೆಗೆಟಿವ್ ಶಿಫ್ಟ್ ಅಂತ ಕೂಗಿ ನಿಲ್ತಿತ್ತು. ಜಾವಾಸ್ಕ್ರಿಪ್ಟ್ ಶಿಫ್ಟ್ ಅಂಕಿಯ ಕೊನೇ 5 ಬಿಟ್ ಮಾತ್ರ ನೋಡುತ್ತೆ, ಅಂದ್ರೆ 32ರಿಂದ ಭಾಗಿಸಿದ ಶೇಷ, ‑84ಕ್ಕೆ 96 ಸೇರಿಸಿದ್ರೆ 12. ಸೊನ್ನೆಯಿಂದ ಎಣಿಸಿದ್ರೆ 12ನೇದು ಎಂ. ಲಕ್ಷಾಂತರ ಪದಕ್ಕೂ ಒಂದೊಂದು ಎಂ ಸಿಕ್ಕಿಬಿಟ್ಟಿತ್ತು.

ಇದು ಗೊತ್ತಾದ ಮೇಲೆ ಸುಮ್ನೆ ಕೂರೋಕಾಗ್ಲಿಲ್ಲ, ಬೇರೆ ಚಿಹ್ನೆಗಳಿಗೆ ಏನಾಗುತ್ತೆ ಅಂತ ಲೆಕ್ಕ ಹಾಕಿದೆ. ಅಪಾಸ್ಟ್ರಫಿ ಕೋಡ್ 39, ಕಳೆದ್ರೆ ‑58, ಶೇಷ 6, ಅದು ಜಿ. ಡೆಬಿಯನ್ ಪಟ್ಟಿ ಹಾಕಿದ್ರೆ ಅಪಾಸ್ಟ್ರಫಿ ಇರೋದಕ್ಕೆಲ್ಲಾ ಜಿ ಬರುತ್ತೆ. ಹೈಫನ್ ಮತ್ತೆ ಎಂ. ಗೀಟು ಇರೋ ಇ ಕೋಡ್ 233, ಕಳೆದ್ರೆ 136, ಶೇಷ 8, ಅದು ಐ. ದೊಡ್ಡಕ್ಷರಗಳು ಸಣ್ಣದಕ್ಕಿಂತ ಸರಿಯಾಗಿ 32 ಕಡಿಮೆ, ಹಾಗಾಗಿ ಅವು ಮಾತ್ರ ಅದೃಷ್ಟಕ್ಕೆ ಕರೆಕ್ಟಾಗಿ ಬೀಳ್ತವೆ, ಫೋನಿನ ಕೀಬೋರ್ಡು ಮೊದಲ ಅಕ್ಷರ ದೊಡ್ಡದು ಮಾಡಿದ್ರೂ ನಾನು ಗಮನಿಸದೇ ಇದ್ದಿದ್ದು ಅದಕ್ಕೆ. ಕನ್ನಡ ಕೀಬೋರ್ಡ್ ಆನ್ ಇಟ್ಟುಕೊಂಡು ಕ ಒತ್ತಿದ್ರೆ? ಕೋಡ್ 3221, ಕಳೆದ್ರೆ 3124, ಶೇಷ 20. ಯು ಇರೋ ಇಂಗ್ಲಿಷ್ ಪದಗಳು ಬರ್ತವೆ. ಇದನ್ನ ಫೀಚರ್ ಅಂತ ಬಿಟ್ಟುಬಿಡೋ ಆಸೆ ಆಯ್ತು.

ರಿಪೇರಿ: ಓದೋವಾಗಲೇ ಸಣ್ಣಕ್ಷರ ಮಾಡಿ, ಎಯಿಂದ ಝಡ್ ಒಳಗಿಲ್ಲದ ಏನೇ ಇದ್ರೂ ಆ ಸಾಲನ್ನ ಬಿಸಾಕೋದು. ಕ್ಯಾರಿಯೇಜ್ ರಿಟರ್ನ್ ಮಾತ್ರ ಮೊದಲು ಕತ್ತರಿಸಬೇಕು, ಇಲ್ದಿದ್ರೆ ಇಡೀ ಪಟ್ಟಿಯೇ ಹೋಗುತ್ತೆ. ಇನ್‌ಪುಟ್ ಬಾಕ್ಸಿಗೂ ಅದೇ ಜರಡಿ.

ಇನ್ನೊಂದು ಚಿಕ್ಕದು. ಇ ಒಂದೇ ಅಕ್ಷರ ಕೊಟ್ಟಾಗ ಫೋನು ಸ್ತಬ್ಧ. ಹುಡುಕೋದು ಕ್ಷಣದಲ್ಲಿ ಮುಗಿದಿತ್ತು, ಸಿಕ್ಕ ರಾಶಿ ಪದಗಳನ್ನ ಪರದೆ ಮೇಲೆ ಬರೆಯೋಕೆ ಹೋಗಿ ನಿಂತಿದ್ದು. ಮೊದಲ 100 ಮಾತ್ರ ತೋರಿಸಿ, ಒಟ್ಟು ಎಷ್ಟು ಅಂತ ಕೆಳಗೆ ಒಂದು ಅಂಕಿ.

ಹಂತ 5: ಒಂದೇ ಅಕ್ಷರ ಎರಡು ಸಲ ಕೊಟ್ರೆ

ಮಾಸ್ಕ್‌ಗೆ ಇದೆ ಇಲ್ಲ ಅನ್ನೋದು ಗೊತ್ತು, ಎಷ್ಟಿದೆ ಅನ್ನೋದು ಗೊತ್ತಿಲ್ಲ. ಆರು ಎಸ್ ಟೈಪ್ ಮಾಡಿದ್ರೂ ಒಂದೇ ಎಸ್ ಅಂತ ನೋಡುತ್ತೆ. ಪೊಸೆಸಿವ್‌ನೆಸ್ ಪದದಲ್ಲಿ ಆರು ಎಸ್ ಇದೆ, ಅದು ಬರಬೇಕು, ಬರೀ ಸನ್ ಬರಬಾರದು.

ಮೊದಲು ಅವಿಭಾಜ್ಯ ಸಂಖ್ಯೆಯ ಟ್ರಿಕ್ ಹಾಕಿದೆ. ಪ್ರತಿ ಅಕ್ಷರಕ್ಕೆ ಒಂದು ಅವಿಭಾಜ್ಯ, 2ರಿಂದ 101ರವರೆಗೆ ಸರಿಯಾಗಿ 26 ಇವೆ, ಪದದ ಅಕ್ಷರಗಳದ್ದೆಲ್ಲಾ ಗುಣಿಸಿಡೋದು, ಕೊಟ್ಟ ಅಕ್ಷರಗಳ ಗುಣಲಬ್ಧದಿಂದ ಶೇಷ ಇಲ್ಲದೆ ಭಾಗವಾದ್ರೆ ಪದ ಸಿಕ್ತು. ಎಣಿಕೆ ತಾನಾಗೇ ಒಳಗೆ ಬಂತು, ನೋಡೋಕೆ ಚೆಂದ. ಚಿಕ್ಕ ಪದಗಳಿಗೆ ಚಿನ್ನದ ಹಾಗೆ ಓಡ್ತು. ಆದ್ರೆ ಜಾವಾಸ್ಕ್ರಿಪ್ಟ್‌ನ ಮಾಮೂಲಿ ಸಂಖ್ಯೆ 9,00,71,99,25,47,40,991 ದಾಟಿದ ಮೇಲೆ ಪೂರ್ಣಾಂಕ ನಿಖರವಾಗಿ ಇಟ್ಟುಕೊಳ್ಳಲ್ಲ. ಜಾಸ್ತಿ ಬಳಸೋ ಅಕ್ಷರಕ್ಕೆ ಚಿಕ್ಕ ಅವಿಭಾಜ್ಯ ಕೊಟ್ರೂ, ಅನ್‌ಕ್ಯಾರೆಕ್ಟರಿಸ್ಟಿಕಲಿ ಥರದ 20 ಅಕ್ಷರದ್ದು ಆ ಗೆರೆ ದಾಟಿ ಎಲ್ಲೋ ಹೋಗುತ್ತೆ. ಉದ್ದ ಪದ ಹುಡುಕೋಕೆ ಅಂತ ಮಾಡಿದ್ದು ಉದ್ದ ಪದಕ್ಕೇ ತಪ್ಪು ಉತ್ತರ ಕೊಟ್ರೆ ಏನು ಉಪಯೋಗ. ಬಿಗ್‌ಇಂಟ್ (ಎಷ್ಟು ದೊಡ್ಡ ಪೂರ್ಣಾಂಕವನ್ನೂ ನಿಖರವಾಗಿ ಇಡೋ ಬಗೆ) ಹಾಕಿ ನೋಡಿದೆ, ಉತ್ತರ ಸರಿ, ನಿಧಾನ. ಕಿತ್ತುಹಾಕಿದೆ.

ಈಗ ಇರೋದು ಸೀದಾ ಸಾದಾ: ಮೊದಲು ಮಾಸ್ಕ್‌ನಿಂದ ಜರಡಿ, ಅದರಲ್ಲಿ ಉಳಿದ ಪದಗಳಿಗೆ ಮಾತ್ರ ಅಕ್ಷರ ಎಣಿಸಿ ಹೋಲಿಕೆ. ಬುದ್ಧಿವಂತಿಕೆ ಏನೂ ಇಲ್ಲ, ಸಾಕಷ್ಟು ಫಾಸ್ಟ್.

ಹಂತ 6: ಕ್ರಮ

ಕೊಟ್ಟ ಕ್ರಮದಲ್ಲೇ ಅಕ್ಷರ ಬರಬೇಕು, ಮಧ್ಯೆ ಏನಾದ್ರೂ ಇರ್ಲಿ ಅನ್ನೋ ಒಂದು ಟಿಕ್ ಬಾಕ್ಸ್. ಅಕ್ಷರಗಳ ಮಧ್ಯೆ ಡಾಟ್ ಸ್ಟಾರ್ (ಏನು ಬೇಕಾದ್ರೂ ಇರ್ಲಿ ಅಂತ ಅರ್ಥ) ಸೇರಿಸಿ ರೆಜೆಕ್ಸ್ ಮಾಡಿದ್ರೆ ಮುಗೀತು. ಎ ಇ ಐ ಓ ಯು ಕ್ರಮಕ್ಕೆ ಫೆಸೀಶಸ್, ಅಬ್‌ಸ್ಟೀಮಿಯಸ್. ಉಲ್ಟಾ ಕೊಟ್ರೆ ಸಬ್‌ಕಾಂಟಿನೆಂಟಲ್, ಅನ್‌ಕಾಂಪ್ಲಿಮೆಂಟರಿ. ಯಾವ ಅಕ್ಷರವೂ ಎರಡು ಸಲ ಬರಬಾರದು ಅನ್ನೋದಕ್ಕೂ ಒಂದು ಬಾಕ್ಸ್ ಇಟ್ಟೆ, ಮಾಸ್ಕ್‌ನಲ್ಲಿ ಆನ್ ಆಗಿರೋ ಬಿಟ್‌ಗಳು ಪದದ ಉದ್ದಕ್ಕೆ ಸಮ ಇದ್ರೆ ಸಾಕು. ಅನ್‌ಕಾಪಿರೈಟಬಲ್, ಡರ್ಮಟೊಗ್ಲಿಫಿಕ್ಸ್, ಎರಡೂ 15.

ಹಂತ 7: ಉದ್ದ ಇದೆ, ಆದ್ರೆ ಯಾರಿಗೂ ಗೊತ್ತಿಲ್ಲ

ಐದು ಸ್ವರ ಕೊಟ್ರೆ ಎನೇಬಲ್‌ನಿಂದ ಇಮ್ಯುನೊಎಲೆಕ್ಟ್ರೊಫೊರೆಟಿಕಲಿ, 25 ಅಕ್ಷರ. ಸರಿಯಾದ ಉತ್ತರವೇ, ಆದ್ರೆ ಯಾರಿಗಾದ್ರೂ ತೋರಿಸಿದ್ರೆ "ಓಹೋ" ಅಂತಾರೆ ಅಷ್ಟೇ. ಅದರ ಕೆಳಗಡೆ ಇರೋ ಕೌಂಟರ್‌ರೆವಲ್ಯೂಷನರೀಸ್, 22, ಅದು ಖುಷಿ ಕೊಡೋ ಪದ. ಉದ್ದದ ಜೊತೆ ಪರಿಚಯದ ಅಳತೆಯೂ ಬೇಕು.

ಸ್ಕೌಲ್ ಅನ್ನೋ ಪಟ್ಟಿಗಳ ಗಂಟು ಇದಕ್ಕೆ ಒದಗಿಬಂತು. ಅದರಲ್ಲಿ ಪದಗಳನ್ನ ಮಟ್ಟಗಳಲ್ಲಿ ಹಂಚಿದ್ದಾರೆ, 10 ಅಂದ್ರೆ ಎಲ್ಲರಿಗೂ ಗೊತ್ತಿರೋದು, 35, 50, 60, 70 ಹೀಗೆ ಏರ್ತಾ 95 ಅಂದ್ರೆ ಏನು ಬೇಕಾದ್ರೂ. ಒಂದು ಮಟ್ಟದ ಫೈಲಲ್ಲಿ ಅದಕ್ಕಿಂತ ಕೆಳಗಿನ ಮಟ್ಟದ ಪದ ಮತ್ತೆ ಬರಲ್ಲ, ಹಾಗಾಗಿ ಯಾವ ಫೈಲಲ್ಲಿ ಸಿಕ್ತೋ ಅದೇ ಆ ಪದದ ಮಟ್ಟ. ಓದೋವಾಗ ಪೈಥಾನ್ ಡಿಕೋಡ್ ಎರರ್ ಕೊಡ್ತು, ಆ ಫೈಲುಗಳು ಯುಟಿಎಫ್-8 ಬದಲು ಲ್ಯಾಟಿನ್-1 ಎನ್‌ಕೋಡಿಂಗ್‌ನಲ್ಲಿವೆ, ಅದನ್ನ ಹೇಳಿದ ಮೇಲೆ ಓದ್ತು.

ಈಗ ಪೇಜಿನಲ್ಲಿ ಒಂದು ಸ್ಲೈಡರ್ ಇದೆ. 50ಕ್ಕೆ ಇಟ್ಟು ಜೆ ಎಕ್ಸ್ ಕೊಟ್ರೆ ಜಕ್ಸ್ಟಪೊಸಿಷನ್ ಥರದ, ಓದಿರೋ ಕೇಳಿರೋ ಪದ ಮೇಲೆ ಬರುತ್ತೆ. ಕೆಮಿಸ್ಟ್ರಿ ಬೇಕಂದ್ರೆ 95ಕ್ಕೆ ಎಳೆಯೋದು.

ಹಂತ 8: ಬಹುವಚನ, ಸಿಕ್ಕಿಹಾಕ್ಕೊಂಡಿರೋ ಜಾಗ

ಮೇಲಿನ 100ರಲ್ಲಿ ಅರ್ಧ ಜಾಗ ಒಂದೇ ಮನೆಯವರಿಗೆ ಹೋಗುತ್ತೆ. ಪದ ಒಂದು, ಅದರ ಎಸ್ ರೂಪ ಇನ್ನೊಂದು, ನೆಸ್ ರೂಪ, ಅದರ ಮೇಲೆ ನೆಸಸ್. ಒಂದನ್ನ ಮಾತ್ರ ತೋರಿಸೋಣ ಅಂತ ನಿಯಮ ಬರೆದೆ: ಕೊನೇ ಎಸ್ ತೆಗೆದ್ರೆ ಉಳಿಯೋದು ಪಟ್ಟಿಯಲ್ಲಿದ್ರೆ ಎಸ್ ಇರೋದನ್ನ ಬಚ್ಚಿಡು. ಪ್ರಿನ್ಸೆಸ್ ಮಾಯ ಆಯ್ತು, ಯಾಕಂದ್ರೆ ಎಸ್ ತೆಗೆದ್ರೆ ರಾಜಕುಮಾರರು ಉಳೀತಾರೆ. ನೀಡ್‌ಲೆಸ್ ಮಾಯ, ಸೂಜಿಗಳು ಉಳೀತು. ಕರೆಸ್ ಕೂಡ ಹೋಯ್ತು. ಎರಡು ಎಸ್‌ನಲ್ಲಿ ಮುಗಿದ್ರೆ ಮುಟ್ಟಬೇಡ ಅಂತ ಸೇರಿಸಿದೆ, ಅವು ವಾಪಸ್ ಬಂದ್ವು, ಆದ್ರೆ ನ್ಯೂಸ್, ಪಾಲಿಟಿಕ್ಸ್ ಇನ್ನೂ ಕಾಣ್ತಿಲ್ಲ. ನ್ಯೂ ಪಟ್ಟಿಯಲ್ಲಿದೆ, ಪಾಲಿಟಿಕ್ ಅನ್ನೋದೂ ಒಂದು ಪದ. ಐಸಿಎಸ್ ಕೊನೆಯವನ್ನ ಬಿಡು ಅಂದ್ರೆ ಮೆಕ್ಯಾನಿಕ್ಸ್ ಉಳಿಯುತ್ತೆ, ಅದು ಶಾಸ್ತ್ರವೋ ರಿಪೇರಿಯವರ ಗುಂಪೋ ಅಂತ ಕೋಡಿಗೆ ಗೊತ್ತಾಗಲ್ಲ.

ಬರೀ ಸ್ಪೆಲಿಂಗ್ ನೋಡಿ ಇದನ್ನ ಬಿಡಿಸೋಕಾಗಲ್ಲ ಅನ್ನೋದು ನನ್ನ ಅಭಿಪ್ರಾಯ. ಸದ್ಯಕ್ಕೆ ಈ ನಿಯಮವನ್ನ ಟಿಕ್ ಬಾಕ್ಸ್ ಮಾಡಿ ಆಫ್ ಇಟ್ಟಿದ್ದೀನಿ, ಬಚ್ಚಿಟ್ಟ ಪದಗಳು ತೆಳು ಬಣ್ಣದಲ್ಲಿ ಮೂಲ ಪದದ ಪಕ್ಕದಲ್ಲೇ ಕಾಣೋ ಹಾಗೆ ಬದಲಾಯಿಸ್ತಾ ಇದೀನಿ, ಆಗ ತಪ್ಪಾಗಿ ಜೋಡಿಸಿದ್ರೂ ಪದ ಕಳೆದುಹೋಗಲ್ಲ. ಆ ಕೋಡು ಅರ್ಧ ಆಗಿದೆ, ನೆಸಸ್‌ಗೆ ಇನ್ನೂ ಕೈ ಹಾಕಿಲ್ಲ.